ಆರ್ಮ್ ಬಿಚ್ಚಿದ ಹಲಗೆ

ನನ್ನ ಸೋದರಮಾವ ದೇವದುರ್ಗದಿಂದ ಬಸ್ಸು ಹಿಡಿದು ರಾಯಚೂರಿನ ನನ್ನ ಮನೆಗೆ ಬಂದವನು, ಹಳೆಯ ಲುಂಗಿಯಲ್ಲಿ ಕಟ್ಟಿದ ಗಂಟೊಂದನ್ನು ಊಟದ ಮೇಜಿನ ಮೇಲೆ ಇಟ್ಟ. ಬಿಚ್ಚಿದರೆ ಒಳಗೆ ರೆಕಾರ್ಡು ಹಾಡಿಸುವ ಯಂತ್ರದ ಅವಶೇಷ. ಮೋಟಾರು, ನಗ್ಗಿದ ತಟ್ಟೆ, ಅವೆಲ್ಲ ಕೂರುತ್ತಿದ್ದ ಸಾಗುವಾನಿ ಹಲಗೆ, ಮತ್ತು ಕರ್ಚೀಫಿನಲ್ಲಿ ಬೇರೆಯಾಗಿ ಸುತ್ತಿದ್ದ ಆರ್ಮ್. ಆರ್ಮ್ ಎಂದರೆ ಮುಳ್ಳನ್ನು ಹೊತ್ತು ರೆಕಾರ್ಡಿನ ಮೇಲೆ ಸಾಗುವ ತೆಳುವಾದ ಕೈ. ಹಲಗೆ ಉದ್ದಕ್ಕೂ ಸೀಳಿತ್ತು. ಅದರ ಒಂದು ಮೂಲೆ ಜಜ್ಜಿ ಕಪ್ಪಾಗಿತ್ತು. ಆ ಕಪ್ಪು ಯಾವುದರದೆಂದು ಇಬ್ಬರಿಗೂ ಗೊತ್ತಿತ್ತು.

"ಮೊಮ್ಮಗಳ ಲಗ್ನ ಅದ," ಎಂದ ಮಾವ. "ಮೆರವಣಿಗ್ಯಾಗ ಇದು ಹಾಡಬೇಕು. ಹೊಸಾ ಹಲಗಿ ಮಾಡಿ ಆರ್ಮ್ ಕೂಡಸು. ಫಿಜಿಕ್ಸ್ ಓದೀದಿ, ಹುಡುಗರಿಗೆ ಕಲಿಸೀದಿ. ಇಷ್ಟು ಬರಂಗಿಲ್ಲೇನು?"

"ಈಗ ಎಲ್ಲಾ ಹಾಡು ಫೋನಿನ್ಯಾಗ ಬರ್ತಾವ ಮಾವ."

"ಫೋನು ಆ ಗೇಟಿನ ಮುಂದ ಒಡದಿದ್ದಿಲ್ಲ."

ಮೊಮ್ಮಗಳನ್ನು ಕೊಟ್ಟಿದ್ದು ಗಬ್ಬೂರಿನ ಕಡೆಯ ಒಂದು ಊರಿಗೆ. ಊರಿನ ಹೆಸರು ಬೇಡ. ಮೂವತ್ತು ವರ್ಷಗಳಿಗೂ ಹಿಂದೆ, ಅದೇ ಊರಿನ ಅಕ್ಕಿ ಗಿರಣಿಯ ಗೇಟಿನ ಮುಂದೆ ನಮ್ಮ ಜನರ ಮದುವೆ ಮೆರವಣಿಗೆಯೊಂದು ರಕ್ತದಲ್ಲಿ ಮುಗಿದಿತ್ತು. ಹಾಡುತ್ತಿದ್ದದ್ದು ಇದೇ ಯಂತ್ರ. ಟೆಂಪೋದ ಮೇಲೆ ಮಾವನ ಪಕ್ಕದಲ್ಲಿ ನಾನಿದ್ದೆ.

ಮಾವನದು ದೇವದುರ್ಗದಲ್ಲಿ ಮೈಕ್ ಸೆಟ್ ಅಂಗಡಿ. ಮದುವೆ, ಉರುಸು, ಚುನಾವಣೆ ಯಾವುದಿದ್ದರೂ ಹಾರ್ನು, ಆಂಪ್ಲಿಫೈಯರ್, ರೆಕಾರ್ಡುಗಳನ್ನು ಬಾಡಿಗೆಗೆ ಒಯ್ಯುತ್ತಿದ್ದ. ಬೇರೆಯವರು ಗಾಡಿ ನಿಲ್ಲಿಸಿ ಹಾಡಿಸುತ್ತಿದ್ದರೆ ಇವನು ಚಲಿಸುವ ಟೆಂಪೋದ ಮೇಲೆ, ನಮ್ಮ ರಸ್ತೆಗಳ ಮೇಲೆ, ಮುಳ್ಳು ಹಾರದಂತೆ ಹಾಡಿಸುತ್ತಿದ್ದ. ಸಾಗುವಾನಿ ಹಲಗೆಯನ್ನು ದೊಡ್ಡ ಪೆಟ್ಟಿಗೆಯೊಳಗೆ ಸೈಕಲ್ ಟ್ಯೂಬಿನ ಪಟ್ಟಿಗಳಿಂದ ತೊಟ್ಟಿಲಿನಂತೆ ತೂಗುಹಾಕಿದ್ದ. ಆರ್ಮಿನ ತಲೆಯ ಮೇಲೆ ನಾಲ್ಕಾಣೆಯ ನಾಣ್ಯವೊಂದನ್ನು ಅಂಟಿಸಿದ್ದ. ಅದರ ಭಾರಕ್ಕೆ ರೆಕಾರ್ಡು ಬೇಗ ಸವೆಯುತ್ತಿತ್ತು, ಹಾಡು ಮಾತ್ರ ತಪ್ಪುತ್ತಿರಲಿಲ್ಲ.

ಅದರಲ್ಲೆಲ್ಲ ನಾಜೂಕಾದದ್ದು ಆರ್ಮ್. ಆದ್ದರಿಂದ ಅವನದೊಂದು ಪದ್ಧತಿ ಇತ್ತು. ಕೆಲಸ ಮುಗಿದ ಕೂಡಲೇ ಅಂಗಿಯ ಕಿಸೆಯಿಂದ ಟೆಸ್ಟರ್ ತೆಗೆದು, ಅದರ ಚಪ್ಪಟೆ ತುದಿಯಿಂದ ನಾಲ್ಕು ಸ್ಕ್ರೂ ಬಿಚ್ಚಿ, ಆರ್ಮನ್ನು ಕರ್ಚೀಫಿನಲ್ಲಿ ಸುತ್ತಿ ಕಿಸೆಗೆ ಇಳಿಸುತ್ತಿದ್ದ. ಸುತ್ತಲಿನ ಹಳ್ಳಿಗಳಿಗೆಲ್ಲ ಇದು ಗೊತ್ತಿತ್ತು. ಟೆಸ್ಟರ್ ಹೊರಗೆ ಬಂತೆಂದರೆ ಕುಡಿದು ಕುಣಿಯುತ್ತಿದ್ದವರೂ "ಕೈ ಬಿಚ್ಚಿದ ನೋಡ್ರಿ, ನಡೀರಿ ಮನೀಗಿ" ಎಂದು ಎದ್ದುಬಿಡುತ್ತಿದ್ದರು. ಆಮೇಲೆ ಇನ್ನೊಂದು ಹಾಡು ಎಂದು ಯಾರೂ ಕೇಳುತ್ತಿರಲಿಲ್ಲ.

ಆ ದಿನದ ಕತೆಯನ್ನು ನಾನು ಹೀಗೆ ಹೇಳುತ್ತ ಬಂದಿದ್ದೇನೆ. ಆಗ ನಾನು ವಿಶ್ವವಿದ್ಯಾಲಯದಿಂದ ರಜೆಗೆ ಬಂದಿದ್ದೆ. ಗಿರಣಿಯವರ ಓಣಿ ಬಂದಾಗ ನಮ್ಮ ಮೆರವಣಿಗೆಗಳು ಹಾಡು ನಿಲ್ಲಿಸಿ, ತಲೆ ತಗ್ಗಿಸಿ ದಾಟಬೇಕೆಂಬುದು ಆ ಊರಿನ ಕಟ್ಟು. ಮಾವ ನಿಲ್ಲಿಸಲಿಲ್ಲ. ಶಹನಾಯಿಯ ರೆಕಾರ್ಡು ತಿರುಗುತ್ತಲೇ ಇತ್ತು. ಗಿರಣಿಯ ಮಾಳಿಗೆಯಿಂದ ಮೊದಲ ಕಲ್ಲು ಬಂದು ಮುಂದೆ ಹಲಗಿ ವಾದ್ಯ ಬಡಿಯುತ್ತಿದ್ದವನ ಕೈಗೆ ಬಿತ್ತು. ಅವನ ಬೆರಳುಗಳ ಮೇಲೆ ಇನ್ನೊಬ್ಬ ಕಾಲಿಟ್ಟು ತುಳಿದ. ಹೆಂಗಸೊಬ್ಬಳ ಜಡೆ ಹಿಡಿದು ಚರಂಡಿಯವರೆಗೆ ಎಳೆದರು. ಮದುಮಗನ ಬಾಸಿಂಗ ಹರಿದು ಹಣೆಯಿಂದ ರಕ್ತ ಮೂಗಿನ ಮೇಲೆ ಇಳಿಯಿತು. ಆಗ ದೊಡ್ಡ ಕಲ್ಲೊಂದು ಪೆಟ್ಟಿಗೆಗೆ ಬಡಿದು ಆರ್ಮನ್ನು ಹಲಗೆಯಿಂದ ಕಿತ್ತೆಸೆಯಿತು. ಅದನ್ನು ಕಂಡ ಮಾವ ಮೈಮರೆತು ಆ ಹಲಗೆಯನ್ನೇ ಎತ್ತಿ, ಕಲ್ಲೆಸೆದವನ ದವಡೆಗೆ ಬೀಸಿದ.

ಈ ಕತೆಯನ್ನು ಸಭೆಗಳಲ್ಲಿ ಹೇಳಿದ್ದೇನೆ. ಹೇಳಿದಾಗಲೆಲ್ಲ ಕಲ್ಲು ಸ್ವಲ್ಪ ದೊಡ್ಡದಾಗಿದೆ. ನನ್ನ ಹುಬ್ಬಿನ ಮೇಲಿನ ಗಾಯದ ಗುರುತನ್ನೂ ತೋರಿಸಿದ್ದೇನೆ, ಅದೂ ಒಂದು ಕಲ್ಲಿನದೆಂದು. ಟೆಂಪೋ ಹಿಂದಕ್ಕೆ ಸರಿದಾಗ ನಾನು ಬಿದ್ದು ಆದದ್ದೆಂದು ಅವ್ವ ಸಾಯುವವರೆಗೂ ಹೇಳುತ್ತಿದ್ದಳು. ಅವಳು ಅಲ್ಲಿರಲಿಲ್ಲ ಎಂದು ನಾನು ತಳ್ಳಿಹಾಕುತ್ತಿದ್ದೆ.

ಹಲಗೆ ಬಂದ ಮೂರ್ನಾಲ್ಕು ದಿನ ಅದರ ಸುತ್ತ ಓಡಾಡಿದೆ. ಹಳೆಯದರ ಅಳತೆಯನ್ನೇ ಹೊಸದಕ್ಕೆ ಹಿಡಿಯಬೇಕಿತ್ತು. ತಟ್ಟೆಯ ನಡುವಿನ ಮೊಳೆಯಿಂದ ಆರ್ಮಿನ ಬುಡಕ್ಕೆ ಇರುವ ದೂರ ಒಂದು ಕೂದಲೆಳೆ ತಪ್ಪಿದರೂ ರೆಕಾರ್ಡಿನ ಒಳಸುತ್ತು ಬರುವಾಗ ಸ್ವರ ಸೀಳುತ್ತದೆ. ಅದನ್ನು ಅಳೆಯಲು ಕೂತಾಗ ನಾಲ್ಕು ತೂತುಗಳನ್ನು ನೋಡಿದೆ. ಅವು ಚೊಕ್ಕವಾಗಿದ್ದವು. ಒಳಗೆ ಸ್ಕ್ರೂವಿನ ಸುರುಳಿ ಕೂಡ ಹಾಗೇ ಉಳಿದಿತ್ತು.

ಸಾಗುವಾನಿಯ ಬೇರೊಂದು ತುಂಡಿಗೆ ಅಂಥದೇ ಸ್ಕ್ರೂ ಹಾಕಿ, ಸುತ್ತಿಗೆಯ ಹಿಂಬದಿಯಿಂದ ಮೀಟಿ ಕಿತ್ತೆ. ಮರ ಒಡೆದ ತುಟಿಯ ಹಾಗೆ ಎದ್ದು ಬಂತು. ಇನ್ನೊಮ್ಮೆ ಮಾಡಿದೆ, ಮತ್ತೆ ಹಾಗೇ. ಮಾವನ ಹಲಗೆಯಿಂದ ಆರ್ಮನ್ನು ಯಾವ ಕಲ್ಲೂ ಕಿತ್ತಿರಲಿಲ್ಲ. ಯಾರೋ ಕೂತು ಬಿಚ್ಚಿದ್ದರು.

ಹಾಗಾದರೆ ನಾನು ಕಂಡದ್ದೇನು? ನಾನು ಚಿಕ್ಕ ಮಗುವಾಗಿರಲಿಲ್ಲ, ಎದುರಿಗಿದ್ದೆ. ಕಲ್ಲು ಬಡಿದ ಸದ್ದು ಈಗಲೂ ಕಿವಿಯಲ್ಲಿದೆ. ಆದರೆ ಕಿವಿಯಲ್ಲಿರುವುದು ಸದ್ದೋ, ನಾನೇ ಅಷ್ಟು ಸಲ ಹೇಳಿದ ಮಾತೋ?

ಅದೇ ವಾರ ಅವಳು, ಅಂದರೆ ಮದುಮಗಳಾಗಲಿದ್ದ ಮೊಮ್ಮಗಳು, ಫೋನು ಮಾಡಿದಳು. ಶಾಲೆಯಲ್ಲಿ ಟೀಚರ್ ಆಗಿದ್ದಾಳೆ, ಮಾತು ಅಳೆದು ಆಡುತ್ತಾಳೆ.

"ಕಾಕಾ, ಅಜ್ಜ ಟೆಂಪೋ ಮ್ಯಾಲ ತಾನೇ ಕೂಡ್ತೀನಿ ಅಂತಾನ. ಅಣ್ಣಗೋಳು ಟೆಂಪೋದಾಗ ಬಡಿಗಿ ಮುಚ್ಚಿ ಇಡಾಕತ್ಯಾರ. ನೀವೆಲ್ಲಾ ಹೊಡದಾಡಿ ಬಸ್ ಹತ್ತಿ ಹೋಗ್ತೀರಿ. ನಾ ಅಲ್ಲೇ ಬಾಳೇ ಮಾಡಬೇಕು. ಆ ಗೇಟಿನ ಮುಂದನೇ ದಿನಾ ಸಾಲಿಗಿ ಹೋಗಬೇಕು."

"ಅಜ್ಜಗ ನೀನೇ ಹೇಳು."

"ಹೇಳೀನಿ. ಹಾಡು ಮುಗಿಸೀನೇ ನಿನ್ನ ಇಳಸತೀನಿ ಅಂದ. ಮಿಷನ್ನು ನಿಮ್ಮ ಕೈಯಾಗ ಅದ, ಕಾಕಾ."

ಮರ ತರುವ ನೆಪದಲ್ಲಿ ಮಾನ್ವಿಗೆ ಹೋದೆ. ಆ ದಿನ ಟೆಂಪೋ ಓಡಿಸಿದವರು ಈಗ ಅಲ್ಲಿ ಮರ ಕೊಯ್ಯುವ ಸಾಮಿಲ್ ಇಟ್ಟುಕೊಂಡಿದ್ದಾರೆ. ಗಡ್ಡಕ್ಕೆ ಮೆಹಂದಿ, ಹುಬ್ಬಿನ ತುಂಬ ಮರದ ಹೊಟ್ಟು. ಗರಗಸ ನಿಲ್ಲಿಸಿ ಚಹಾ ತರಿಸಿದರು.

"ಆ ಕಲ್ಲು ಆರ್ಮಿಗೆ ಬಡೀತಲ್ಲ," ಎಂದು ಶುರು ಮಾಡಿದೆ.

"ಯಾವ ಕಲ್ಲು, ಸರ?"

"ಆರ್ಮ್ ಕಿತ್ತಿದ್ದು."

ಅವರು ನಕ್ಕರು. "ನೀವು ಓದಿದವರು ಭಾಷಣ ಮಾಡಿ ಮಾಡಿ ಅದನ್ನೇ ಖರೇ ಅಂತ ನಂಬ್ತೀರಿ. ಹಾಡು ಬಂದ್ ಮಾಡಿದವ ನಿಮ್ಮ ಮಾವನೇ. ಕಿಸೇದಾಗಿಂದ ಟೆಸ್ಟರ್ ತೆಗದ. ಸಾವಕಾಶ, ಒಂದೊಂದೇ ಸ್ಕ್ರೂ. ನೋಡಿದವರು ಕಲ್ಲು ನಿಲ್ಲಿಸಿದ್ರು. ಕೈ ಬಿಚ್ಚಿದ, ಮುಗೀತು ಅಂದ್ಕೊಂಡ್ರು. ಗಿರಣಿಯವನ ತಮ್ಮ ಗೇಟ್ ತೆಗದು ಹೊರಗ ಬಂದ."

"ಕಲ್ಲು ಒಗದವ?"

"ಎಲ್ಲೀದು. ಅವಾ ಬಿಡಿಸಾಕ ಬಂದವ. 'ಆತು ಬರ್ರಿ, ನಾ ಮುಂದ ನಿಂತು ದಾಟಸ್ತೀನಿ' ಅಂತ ಟೆಂಪೋಕ್ಕ ಕೈ ಹಚ್ಚಿದ್ದ. ನಿಮ್ಮ ಮಾವ ಆರ್ಮ್ ನಿಮ್ಮ ಕೈಯಾಗ ಇಟ್ಟ. ಆಮ್ಯಾಲ ಹಲಗಿ ಎತ್ತಿದ."

"ನನ್ನ ಕೈಯಾಗ?"

"ಮತ್ಯಾರ ಕೈಯಾಗ? ಎದಿಗಿ ಅವಚಿ ಹಿಡಕೊಂಡು ಕುಂತಿದ್ರಿ, ಕೂಸಿನ್ನ ಹಿಡದಂಗ. ಮೊದಲನೇ ಏಟಿಗೇ ದವಡಿ ಲಟ್ ಅಂತು. ಬಿದ್ದ. ಬಿದ್ದವನ ಮ್ಯಾಲ ಮತ್ತ ಹೊಡದ. ತಟ್ಟಿ ಉರುಳಿಕೊಂತ ಚರಂಡೀಗಿ ಹೋತು. ನಾ ಗಾಡಿ ಹಿಂದಕ ತಗೊಂಡೆ, ನೀವು ಕೆಳಗ ಬಿದ್ದ್ರಿ. ಹುಬ್ಬಿಗಿ ಪೆಟ್ಟಾತು. ಆರ್ಮ್ ಬಿಡಲಿಲ್ಲ ನೋಡ್ರಿ ನೀವು, ಶಾಬಾಷ್."

ಅವ್ವನ ಮಾತು ಸರಿಯಿತ್ತು. ಮನೆಗೆ ಬಂದು ಆರ್ಮನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಅದರ ಹಿಂತುದಿಯ ತೂಕದ ಗುಂಡಿನ ತಂಪು, ಭಾರ, ಏನಾದರೂ ನೆನಪಾಗಬಹುದೆಂದು. ಏನೂ ಆಗಲಿಲ್ಲ. ಸಾಮಿಲ್‌ನವರ ಮಾತನ್ನೂ ಯಾಕೆ ನಂಬಬೇಕು, ಅವರೂ ಮೂವತ್ತು ವರ್ಷ ಹೇಳಿಕೊಂಡು ಬಂದ ಕತೆಯಲ್ಲವೇ ಅದು ಎಂದೂ ಅನ್ನಿಸಿತು. ಆದರೆ ತೂತುಗಳು ಅವರ ಪರವಾಗಿದ್ದವು.

ದೇವದುರ್ಗಕ್ಕೆ ಹೋದೆ. ಮಾವ ಅಂಗಳದಲ್ಲಿ ಹಾರ್ನುಗಳಿಗೆ ಬೆಳ್ಳಿಬಣ್ಣ ಹಚ್ಚುತ್ತಿದ್ದ.

"ಮಾವ, ಆರ್ಮ್ ನೀನೇ ಬಿಚ್ಚಿದ್ದ್ಯಾ?"

ಕುಂಚ ನಿಲ್ಲಲಿಲ್ಲ. "ಮತ್ತ? ಹಲಗಿ ಒಡದ್ರ ಇನ್ನೊಂದು ಹಲಗಿ ಬರ್ತದ. ಅಂಥಾ ಆರ್ಮ್ ಆಗ ಹೈದರಾಬಾದಿನ್ಯಾಗೂ ಸಿಗತಿದ್ದಿಲ್ಲ."

"ಆ ಮನಷ್ಯಾ ಬಿಡಿಸಾಕ ಬಂದವ ಅಂತ ಗೊತ್ತಿತ್ತೇನು?"

"ಗೊತ್ತಿತ್ತು."

"ಗೊತ್ತಿದ್ದೂ ಹೊಡದಿ?"

"ಮಾಳಿಗಿ ಮ್ಯಾಲ ನಿಂತು ಒಗಿಯವರು ಕೈಗಿ ಸಿಗತಿದ್ರೇನು ಲೇ? ಅವಾ ಸಿಕ್ಕ." ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದ. "ಹಲಗಿ ಬಡಿಯವನ ಬೆರಳು ಮತ್ತ ಸರಿ ಆಗಲೇ ಇಲ್ಲ. ಅವನ್ನ ಬಿಡಿಸಾಕ ಯಾರರ ಬಂದಿದ್ರೇನು, ಕೇಳು ನಿನ್ನ ಫಿಜಿಕ್ಸಿಗಿ."

ಹೊರಡುವಾಗ ಬೆನ್ನ ಹಿಂದಿನಿಂದ ಹೇಳಿದ: "ಅಳಿಯಾ, ಸ್ಕ್ರೂನೇ ಹಾಕು. ಬಿಚ್ಚಾಕ ಬರಬೇಕು."

ಆ ಮಾತು ಕೇಳಿದ ಮೇಲೆ ಮರದ ಯೋಚನೆ ಬಿಟ್ಟೆ. ರಾಯಚೂರಿನಲ್ಲಿ ಕಲ್ಲು ಕೊಯ್ದು ಪಾಲಿಶ್ ಮಾಡುವವರ ಹತ್ತಿರ ಹೋದೆ. ಅಡುಗೆಕಟ್ಟೆಯ ಕರಿಕಲ್ಲಿನಲ್ಲಿ ಸಿಂಕ್ ಕೂರಿಸಲು ಚೌಕ ಕೊಯ್ದು ತೆಗೆಯುತ್ತಾರಲ್ಲ, ಆ ತುಂಡುಗಳು ಅವರ ಅಂಗಳದ ತುಂಬ ಬಿದ್ದಿರುತ್ತವೆ. ಅಳತೆಗೆ ಬರುವಂಥ ಮೂರನ್ನು ಆರಿಸಿ, ಒಂದರ ಮೇಲೊಂದು ಅಂಟಿಸಿ, ಮೋಟಾರಿಗೊಂದು, ಆರ್ಮಿಗೊಂದು ತೂತು ಕೊರೆಸಿದೆ. ಆರ್ಮಿನ ಬುಡವನ್ನು ಕೆಳಗಿನಿಂದ ಬೋಲ್ಟು ಹಾಕಿ ಬಿಗಿದು, ನಟ್ಟಿನ ಮೇಲೆ ಅಂಟು ಸುರಿದೆ. ಮೇಲಿನಿಂದ ನೋಡಿದರೆ ಬಿಚ್ಚಲು ಒಂದು ಸ್ಕ್ರೂವಿನ ತಲೆಯೂ ಇಲ್ಲ. ಎತ್ತಲು ಇಬ್ಬರು ಗಟ್ಟಿ ಆಳುಗಳು ಬೇಕು. ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬುಗಳ ಮೇಲೆ ಅದನ್ನು ಕೂರಿಸಿದೆ. ಭಾರ ಹೆಚ್ಚಿದಷ್ಟೂ ತೂಗಾಟ ನಿಧಾನವಾಗುತ್ತದೆ, ರಸ್ತೆಯ ಕುಲುಕು ಮುಳ್ಳಿಗೆ ತಲುಪುವುದಿಲ್ಲ. ಪಕ್ಕದಲ್ಲಿ ಕುಣಿದು ನೋಡಿದೆ. ಮುಳ್ಳು ಹಾರಲಿಲ್ಲ. ನಾಲ್ಕಾಣೆಯನ್ನು ಕಿತ್ತು ಹಾಕಿದೆ. ಒಳಸುತ್ತಿನವರೆಗೂ ಶಹನಾಯಿ ಸೀಳಲಿಲ್ಲ.

ಮದುವೆಯ ಮುಂಚಿನ ದಿನ ಮಾವ ಬಂದು ನೋಡಿದ. ಮೊದಲು ಹಾಡು ಕೇಳಿ ತಲೆದೂಗಿದ. ಆಮೇಲೆ ಆರ್ಮಿನ ಬುಡದ ಮೇಲೆ ಬೆರಳಾಡಿಸಿದ, ಸುತ್ತಲೂ. ಕಲ್ಲಿನ ಅಂಚಿಗೆ ಕೈ ಹಾಕಿ ಎತ್ತಿ ನೋಡಿದ. ಅದು ಅಲುಗಲಿಲ್ಲ.

"ಸ್ಕ್ರೂ ಎಲ್ಲಿ?"

"ಇಲ್ಲ."

"ಕಲ್ಲಿಂದ್ಯಾಕ?"

"ಭಾರ ಇದ್ರ ಮುಳ್ಳು ಹಾರಂಗಿಲ್ಲ."

"ಅದಕ್ಕಷ್ಟೇ ಏನು?"

"ಅದಕ್ಕಷ್ಟೇ ಅಲ್ಲ ಮಾವ."

ಕೆನ್ನೆಗೆ ಹೊಡೆದ. ಎಂಬತ್ತರ ಹತ್ತಿರದ ಕೈ. ಬಾಯಲ್ಲಿ ಉಪ್ಪು ತಟ್ಟಿತು, ಕನ್ನಡಕ ಹೋಗಿ ಫ್ರಿಜ್ಜಿನ ಕೆಳಗೆ ಬಿತ್ತು. ನಿವೃತ್ತ ಅಧ್ಯಾಪಕನಾದ ನಾನು ನೆಲದ ಮೇಲೆ ಮೊಣಕಾಲೂರಿ ಅದನ್ನು ಹುಡುಕುತ್ತಿರುವಾಗ, ಅವನು ಮೇಲಿನಿಂದ ಹೇಳಿದ: "ನನ್ನ ಕೈ ಕಟ್ಟಿದಿಯಲ್ಲ ಲೇ. ಅವರು ಹೊಡಿಯಾಕ ಬಂದ್ರ ನಾ ಏನು ತಗೊಳ್ಳಲಿ? ನಿನ್ನ ಡಿಗ್ರಿ ತಗೊಳ್ಳಲೇನು?"

ಆದರೂ ಯಂತ್ರವನ್ನು ಒಯ್ದ. ಬೇರೆ ಯಂತ್ರ ಇರಲಿಲ್ಲ.

ಮೆರವಣಿಗೆ ಇಳಿಹೊತ್ತಿಗೆ ಗಿರಣಿಯ ಓಣಿಗೆ ಬಂತು. ಮಾವ ಟೆಂಪೋದ ಹಿಂಭಾಗದಲ್ಲಿ ಕಲ್ಲಿನ ಪಕ್ಕ ಕೂತಿದ್ದ, ಬಿಳಿ ಅಂಗಿ, ಕಿಸೆಯಲ್ಲಿ ಟೆಸ್ಟರ್. ನಾನು ಅವನ ಎದುರಿಗಿದ್ದೆ. ಮದುಮಗಳು ಹಿಂದಿನ ಕಾರಿನಲ್ಲಿದ್ದಳು. ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಮುದುಕ ಕೂತಿದ್ದ. ಅವನ ಕೆಳದವಡೆ ಒಂದು ಬದಿಗೆ ಸರಿದು ಬಾಯಿ ಓರೆಯಾಗಿತ್ತು. ಯಾರೆಂದು ಕೇಳಬೇಕಾಗಿರಲಿಲ್ಲ.

ಗೇಟಿನ ಹತ್ತಿರ ಇಬ್ಬರು ಹುಡುಗರು ಬೈಕನ್ನು ರಸ್ತೆಗೆ ಅಡ್ಡ ನಿಲ್ಲಿಸಿದರು. "ಹಾಡು ಬಂದ್ ಮಾಡ್ರಿ, ಅಜ್ಜಾಗ ಹುಷಾರಿಲ್ಲ," ಎಂದ ಒಬ್ಬ. "ನಿಮ್ಮಜ್ಜಗ ಯಾವಾಗ ಹುಷಾರಿತ್ತಲೇ, ಬಾಯಿ ನೋಡು," ಎಂದು ನಮ್ಮವನೊಬ್ಬ ನಕ್ಕ. ಅಷ್ಟೇ. ಬೈಕಿನವನ ಹೆಲ್ಮೆಟ್ ಬೀಸಿ ಬಂತು. ನಮ್ಮವನ ಮುಂದಿನ ಹಲ್ಲು ಒಡೆದು ಹೊಸ ಅಂಗಿಯ ಮೇಲೆಲ್ಲ ಕೆಂಪಾಯಿತು. ಟೆಂಪೋದಿಂದ ಬಡಿಗೆಗಳು ಹೊರಗೆ ಬಂದವು. ಒಂದು ಬಡಿಗೆ ಬೈಕಿನವನ ಭುಜದ ಮೇಲೆ ಇಳಿದಾಗ ಒದ್ದೆ ಬಟ್ಟೆ ಒಗೆದಂಥ ಸದ್ದು ಬಂತು. ಅವನು ಕೂಗದೆ ಕುಕ್ಕರಿಸಿದ. ಮಾಳಿಗೆಯ ಮೇಲೆ ತಲೆಗಳು ಕಂಡವು. ಶಹನಾಯಿ ಹಾಡುತ್ತಲೇ ಇತ್ತು.

ಮಾವನ ಕೈ ಕಿಸೆಗೆ ಹೋಯಿತು. ಟೆಸ್ಟರ್ ಹೊರಗೆ ಬಂತು. ಆರ್ಮಿನ ಬುಡಕ್ಕೆ ಬಾಗಿದ.

ಆ ಕ್ಷಣದಲ್ಲಿ ನಾನು ನೋಡಿದ್ದು ಮಾವನನ್ನಲ್ಲ, ಗೇಟಿನೊಳಗಿನ ಮುದುಕನನ್ನು. ಇಷ್ಟೂ ಹೊತ್ತು ಹೊಡೆದಾಟ ನೋಡುತ್ತ ಅಲ್ಲಾಡದೆ ಕೂತಿದ್ದವನು ಟೆಸ್ಟರ್ ಕಂಡದ್ದೇ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಎರಡೂ ಕೈಯಿಂದ ದವಡೆ ಮುಚ್ಚಿಕೊಂಡು ಗೋಡೆಯವರೆಗೆ ಸರಿದ. ಯಾರೂ ಬಾಯಿಬಿಟ್ಟು ಹೇಳದ ಸಾಕ್ಷಿ ಅದು. ಸಾಮಿಲ್‌ನವರ ಮಾತಿನ ಮೇಲೆ ನನಗಿದ್ದ ಅನುಮಾನ ಅಲ್ಲಿಗೆ ಮುಗಿಯಿತು.

"ಬೈಕ್ ತಗೀರಲೇ," ಎಂದ. ಓರೆ ಬಾಯಿಂದ ಮಾತು ಸೋರಿ ಬರುತ್ತಿತ್ತು. "ತಗೀರಿ. ಅವನ ಕೈ ನೋಡ್ರಿ. ಹಾಡು ಹೋಗಲಿ, ತಗೀರಿ."

ಹುಡುಗರಿಗೆ ತಿಳಿಯಲಿಲ್ಲ. ಅಜ್ಜ ಹೆದರಿ ಸರಿಯುವುದನ್ನು ಅವರು ಮೊದಲ ಸಲ ಕಂಡಿರಬೇಕು. ಒಬ್ಬ ಬೈಕನ್ನು ಎಳೆದ, ಇನ್ನೊಬ್ಬ ಭುಜ ಹಿಡಿದುಕೊಂಡು ಬದಿಗೆ ಸರಿದ. ನಮ್ಮವರ ಬಡಿಗೆಗಳು ಮುಂದೇನು ಮಾಡಬೇಕೆಂದು ತೋಚದೆ ಗಾಳಿಯಲ್ಲಿ ನಿಂತವು. ನಾನು ಡ್ರೈವರನ ಗಾಜು ಬಡಿದೆ.

ತಿರುಗಿದಾಗ ಟೆಸ್ಟರ್ ಮಾವನ ಪಾದದ ಹತ್ತಿರ ಬಿದ್ದಿತ್ತು. ಅವನ ಎರಡೂ ಕೈಗಳು ಕಲ್ಲಿನ ಅಡಿಯಲ್ಲಿದ್ದವು. ಕೊರಳಿನ ನರ ಹಗ್ಗದಂತೆ ಉಬ್ಬಿತ್ತು. ಟೆಂಪೋ ಜಗ್ಗಿ ಮುಂದೆ ಹೊರಟಿತು. ರೆಕಾರ್ಡು ತಿರುಗುತ್ತಲೇ ಇತ್ತು, ಮುಳ್ಳು ಹಾರಲಿಲ್ಲ. ಓಣಿ ಮುಗಿಯುವವರೆಗೆ ಅವನು ಕೈ ತೆಗೆಯಲಿಲ್ಲ.

ಅವನು ಕಲ್ಲನ್ನು ಎತ್ತಲು ಹೋಗಿದ್ದನೋ, ಜಗ್ಗುವ ಗಾಡಿಯಲ್ಲಿ ಬೀಳದಂತೆ ಹಿಡಿದುಕೊಂಡಿದ್ದನೋ ನಾನು ಹೇಳಲಾರೆ. ಎದುರಿಗೇ ಇದ್ದೆ. ಮೊದಲ ಸಲವೂ ಎದುರಿಗೇ ಇದ್ದೆ.

ಮರುದಿನ ಗಂಡನ ಮನೆಯ ಪಡಸಾಲೆಯಲ್ಲಿ ನಮಗೆ ಊಟಕ್ಕೆ ಹಾಕಿದರು. ಮೊಮ್ಮಗಳೇ ಬಡಿಸಲು ಬಂದಳು. ಆ ಮುಂಜಾನೆ ಗೇಟಿನ ಮುಂದಿನಿಂದಲೇ ನೀರಿಗೆ ಹೋಗಿ ಬಂದಿದ್ದಳಂತೆ, ಯಾರೂ ಏನೂ ಅನ್ನಲಿಲ್ಲವಂತೆ. ಹಲ್ಲು ಮುರಿದ ಹುಡುಗ ಮೂಲೆಯಲ್ಲಿ ಗಂಜಿ ಕುಡಿಯುತ್ತಿದ್ದ. ಮಾವ ರೊಟ್ಟಿ ಮುರಿಯಲಾರದೆ ಕೂತಿದ್ದ. ಅವನ ಎರಡೂ ಕೈಯ ಉಗುರುಗಳು ಕಪ್ಪುಗಟ್ಟಿದ್ದವು. ಒಂದು ಉಗುರು ಬುಡದಿಂದ ಎದ್ದಿತ್ತು.

ಅವಳು ತಟ್ಟೆ ಕೆಳಗಿಟ್ಟು, ಅಜ್ಜನ ರೊಟ್ಟಿ ತಾನೇ ಮುರಿದು ಪಲ್ಯದಲ್ಲಿ ಅದ್ದಿದಳು.

"ಕೈಗೇನಾತಜ್ಜ?"

ಮಾವ ನನ್ನನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಕಲ್ಲು ಭಾಳ ಭಾರ ಅದ," ಎಂದು ಬಾಯಿ ತೆರೆದ. ಅವಳು ತುತ್ತು ಇಟ್ಟಳು.